ಕೇಸಿರುವ ಸೈಟಿನ ಸೇವಂತಿಗೆ

ಪಕ್ಕದ ಮನೆಯ ಸಿಸ್ಟರಮ್ಮನ ತೋಟದ ಹೂವನ್ನು ಹೊಗಳಿದವರಿಗೆ ಅವರ ಮನೆಯಲ್ಲಿ ಕಾಫಿ ಸಿಗುತ್ತಿರಲಿಲ್ಲ. ತುಮಕೂರಿನ ನಮ್ಮ ಬಡಾವಣೆಗೆ ಹೊಸದಾಗಿ ಬಂದವರು ಇದು ತಿಳಿಯದೆ ಪೆಚ್ಚಾಗುತ್ತಿದ್ದರು. ಬೆಳಿಗ್ಗೆ ವಾಕಿಂಗ್ ಹೊರಟವರು ಗೇಟಿನ ಹತ್ತಿರ ನಿಂತು, ಸೇವಂತಿಗೆ ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಎಂದು ಮನಸಾರೆ ಹೇಳುವರು. ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಎದ್ದು ಬಂದು, ಹೇಳಿದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ್ ಕಳ್ಸಿದ್ದು ನಿಮ್ಮನ್ನ?" ಎನ್ನುವರು. ಯಾರೂ ಕಳಿಸಿಲ್ಲ ಎಂದರೆ ಅನುಮಾನ ಇನ್ನೂ ಹೆಚ್ಚಾಗುತ್ತಿತ್ತು.

ಹೋದ ಸಂಕ್ರಾಂತಿ ಕಳೆದ ಮೇಲೆ ಅವರು ತೀರಿಕೊಂಡರು. ಈಗ ಮತ್ತೆ ಕಾರ್ತಿಕ. ನಮ್ಮ ಅಡುಗೆಮನೆಯ ಕಿಟಕಿಯಿಂದ ಆ ತೋಟ ಪೂರ್ತಿ ಕಾಣುತ್ತದೆ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಅತ್ತ ನೋಡಿದರೆ, ಅವರು ಗೋಡೆಯಾಚೆಯಿಂದ ನನ್ನನ್ನೇ ದಿಟ್ಟಿಸುತ್ತಿರುವ ಹಾಗೆ ಇವತ್ತಿಗೂ ಅನ್ನಿಸುತ್ತದೆ.

ಅವರ ಅನುಮಾನಕ್ಕೆ ಕಾರಣವಿತ್ತು. ಗುಬ್ಬಿಯಲ್ಲಿ ನರ್ಸ್ ಆಗಿದ್ದ ಕಾಲದಲ್ಲಿ, ಕುಣಿಗಲ್ ರಸ್ತೆ ಕಡೆಯ ಈ ಬಡಾವಣೆ ಇನ್ನೂ ರಾಗಿ ಹೊಲವಾಗಿದ್ದಾಗ, ಅಕ್ಕಪಕ್ಕದ ಎರಡು ಸೈಟು ತೆಗೆದುಕೊಂಡಿದ್ದರು. ಒಂದರಲ್ಲಿ ಪುಟ್ಟ ಮನೆ ಕಟ್ಟಿಸಿದರು, ಇನ್ನೊಂದರಲ್ಲಿ ಹೂವು ಹಾಕಿದರು. ಮದುವೆಯಾಗಿರಲಿಲ್ಲ. ರಸ್ತೆಯವರಿಗೆಲ್ಲ ಅವರು ಸಿಸ್ಟರಮ್ಮ. ಅವರು ರಿಟೈರ್ ಆಗುವ ಹೊತ್ತಿಗೆ ಸುತ್ತಲೂ ಮೂರಂತಸ್ತಿನ ಮನೆಗಳು ಎದ್ದಿದ್ದವು. ಖಾಲಿ ಉಳಿದಿದ್ದು ಅದೊಂದೇ ಜಾಗ. ಖಾಲಿ ಎನ್ನುವುದು ನನ್ನ ಮಾತಲ್ಲ, ಬ್ರೋಕರುಗಳ ಮಾತು. ಸೊಂಟದುದ್ದ ಹೂವು ನಿಂತಿದ್ದರೂ ಅವರ ಕಣ್ಣಿಗೆ ಅದು ಖಾಲಿಯೇ.

ಈ ಬ್ರೋಕರುಗಳೆಲ್ಲ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಹೂವನ್ನು ಹೊಗಳುವುದು. ಒಬ್ಬ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದು, ತನ್ನ ಅಜ್ಜಿಯ ಮನೆಯಲ್ಲೂ ಇಂಥದೇ ಡೇರೆ ಹೂವಿತ್ತು ಎಂದು ಕಣ್ಣೊರೆಸಿಕೊಂಡಿದ್ದ. ಕಣ್ಣೀರು ಆರುವ ಮೊದಲೇ, ಸೈಟಿನ ಉದ್ದಗಲ ಎಷ್ಟಮ್ಮ ಎಂದು ಕೇಳಿದ. ಇನ್ನೊಂದು ಸಲ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದನ್ನು ಸಿಸ್ಟರಮ್ಮ ಹೇಗೋ ಒಳಗೆ ಬಿಟ್ಟಿದ್ದರು. ಫೋಟೋದವನ ಜೊತೆಗಾರ ಲೈಟು ನಿಲ್ಲಿಸಲು ಹೆಜ್ಜೆ ಹಾಕಿ ದೂರ ನೋಡಿದ್ದೇ ತಡ, ಸೈಟು ಅಳೆಯುತ್ತಿದ್ದಾನೆ ಎಂದು ಮದುಮಗಳ ಸಮೇತ ಎಲ್ಲರನ್ನೂ ರಸ್ತೆಗೆ ಕಳಿಸಿದರು.

ಹಾಗೆಂದು ಸೈಟಿನ ವಿಷಯದಲ್ಲಿ ಮಾತ್ರ ಅನುಮಾನ ಎನ್ನುವಂತಿರಲಿಲ್ಲ. ಆಸ್ಪತ್ರೆಗೆ ಬರುವವರು ಯಾರೂ ಪೂರ್ತಿ ನಿಜ ಹೇಳುವುದಿಲ್ಲ ಎಂದು ಅವರು ನಂಬಿದ್ದರು. ತಿಂಡಿ ತಿಂದೇ ಬಂದೆ ಎನ್ನುವವನು ಇಂಜೆಕ್ಷನ್ ಕೊಟ್ಟ ಕೂಡಲೇ ಕಣ್ಣು ಕತ್ತಲೆ ಬಂದು ಕುಸಿಯುತ್ತಾನೆ, ಕುಡಿಯುವುದು ಬಿಟ್ಟೆ ಎನ್ನುವವನ ಬಾಯಿ ವಾಸನೆ ಬೇರೆಯೇ ಹೇಳುತ್ತದೆ. ಆ ಅಭ್ಯಾಸ ರಿಟೈರ್ ಆದ ಮೇಲೂ ಹೋಗಲಿಲ್ಲ. ಟ್ಯಾಂಕು ತೊಳೆದ ಪ್ಲಂಬರನಿಗೆ ಅದೇ ಟ್ಯಾಂಕಿನ ನೀರು ಒಂದು ಲೋಟ ಕುಡಿಸಿದ ಮೇಲೆಯೇ ಗೇಟು ತೆಗೆದದ್ದು. ನನಗೆ ಗುಬ್ಬಿಯ ಹೈಸ್ಕೂಲೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು ಎಂದು ಸಿಹಿ ಕೊಡಲು ಹೋದರೆ, ಸಂತೋಷ ಎನ್ನುವುದಕ್ಕೆ ಮುಂಚೆ, ಸ್ಟೇಷನ್ನಿನಲ್ಲಿ ಇಳಿದು ಶಾಲೆಗೆ ಯಾವ ಕಡೆಯಿಂದ ಹೋಗುತ್ತೀ ಎಂದು ಕೇಳಿದರು. ದಾರಿಯನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಸಿಹಿ ಬಾಯಿಗೆ ಹಾಕಿಕೊಂಡರು.

ನಮ್ಮ ಅಬ್ಬಾ ಲೇಡೀಸ್ ಟೈಲರ್. ಪೇಟೆಯಲ್ಲಿ ಸಣ್ಣ ಅಂಗಡಿ. ಬಾಡಿಗೆ ಮನೆಗಳಲ್ಲೇ ಇದ್ದ ನಾವು ಸಿಸ್ಟರಮ್ಮನ ಹೂವಿನ ಸೈಟಿಗೆ ಹೊಂದಿಕೊಂಡ ಸೈಟಿನಲ್ಲಿ ಮನೆ ಕಟ್ಟಿಸುವಾಗ, ಅವರು ದಿನಾ ಬಂದು ಕಾಂಪೌಂಡಿಗೆ ಹಿಡಿದ ದಾರವನ್ನು ಒಂದು ಕಣ್ಣು ಮುಚ್ಚಿ ನೋಡಿ ಹೋಗುತ್ತಿದ್ದರು. ಒಂದು ದಿನ ಅಮ್ಮಿಗೆ ನೇರವಾಗಿ, "ನೀವು ಒಳ್ಳೇವ್ರೇ ಇರ್ಬೋದು. ಆದ್ರೆ ನಂಗೆ ಗೊತ್ತಿಲ್ವಲ್ಲ" ಎಂದರಂತೆ. ಅಮ್ಮಿಗೂ ಅವರ ಮೇಲೆ ಅಷ್ಟೇ ಅನುಮಾನ. ಒಂಟಿ ಹೆಂಗಸು, ದೇವರಿಗೆ ಹಾಕುವುದಿಲ್ಲ, ಮುಡಿಯುವುದಿಲ್ಲ, ಮಾರುವುದಿಲ್ಲ, ಇಷ್ಟೊಂದು ಹೂವು ಯಾಕೆ? ತಡೆಯಲಾರದೆ ಅಮ್ಮಿ ಒಮ್ಮೆ ಗೋಡೆಯ ಮೇಲಿಂದ ಅದನ್ನು ಕೇಳಿಯೇಬಿಟ್ಟಳು. ಕುಡಿಯುವ ನೀರೆಲ್ಲ ಹೀಗೆ ಮಣ್ಣಿಗೆ ಸುರಿಯುತ್ತೀರಲ್ಲ ಎಂದೂ ಸೇರಿಸಿದಳು. ಹೂವನ್ನು ಬೈದವಳಿಗೆ ಸೈಟಿನ ಆಸೆ ಇರಲಾರದು ಎಂದು ಸಿಸ್ಟರಮ್ಮನಿಗೆ ಅನ್ನಿಸಿರಬೇಕು. ಅಂದೇ ಅಮ್ಮಿಗೆ ಆ ಮನೆಯ ಕಾಫಿ ಸಿಕ್ಕಿತು.

ಇಷ್ಟೊಂದು ಹೂವು ಯಾಕೆ ಎಂದರೆ, ನೋಡುವುದಕ್ಕೆ. ಬೇರೆ ಕಾರಣವೇನೂ ಇರಲಿಲ್ಲ. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಆ ತೋಟದ ಕಾಲ ಬರುತ್ತಿತ್ತು. ಮೊದಲು ಚೆಂಡು ಹೂವು, ಕೋಳಿಜುಟ್ಟು. ಅವು ಇರುವಾಗಲೇ ಕಾಸ್ಮಾಸ್. ನಮ್ಮ ಗೋಡೆಯ ಬದಿಗೆ ಬಿಳಿ, ನೇರಳೆ ಸ್ಫಟಿಕದ ಹೂವಿನ ಪೊದೆಗಳು. ಇಬ್ಬನಿ ಬೀಳಲು ಶುರುವಾದ ಮೇಲೆ, ಎಲ್ಲಕ್ಕೂ ಕೊನೆಗೆ, ಸೇವಂತಿಗೆ. ಬಿಸಿಲು ನಮ್ಮ ಮನೆಯ ನೆರಳನ್ನು ದಾಟಿ ತೋಟಕ್ಕೆ ಬೀಳುವ ಹೊತ್ತಿಗೆ ಸಿಸ್ಟರಮ್ಮ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಪ್ಲಾಸ್ಟಿಕ್ ಕುರ್ಚಿ ತಂದು ಹೂವಿನ ನಡುವೆ ಕೂರುತ್ತಿದ್ದರು.

ಬಣ್ಣಗಳಿಗೆ ಅವರದೇ ಆಸ್ಪತ್ರೆ ಹೆಸರುಗಳಿದ್ದವು. ಕಂದುಗೆಂಪಿನ ಸೇವಂತಿಗೆಗೆ ಟಿಂಚರ್ ಎನ್ನುತ್ತಿದ್ದರು. ನೇರಳೆ ಸ್ಫಟಿಕ, ಬಾಯಿಹುಣ್ಣಿಗೆ ಹಚ್ಚುವ ನೀಲಿ. ನಸುಗೆಂಪು ಕಾಸ್ಮಾಸ್, ತುರಿಕೆಗೆ ಹಚ್ಚುವ ಕ್ಯಾಲಮೈನ್. ಹಳದಿ ಸೇವಂತಿಗೆಯಲ್ಲಿ ಎರಡು ಬಗೆ. ಒಂದು ಬಿ ಕಾಂಪ್ಲೆಕ್ಸ್, ಇನ್ನೊಂದು ಅವರಿಗೆ ಅಷ್ಟಾಗಿ ಸೇರದ ಕಾಮಾಲೆ. ಗೋಡೆಯ ಮೇಲಿಂದ ಅಮ್ಮಿಗೆ, ಈ ಸಲ ನಮ್ಮಲ್ಲಿ ಕಾಮಾಲೆ ಜಾಸ್ತಿಯಾಗಿದೆ ಎಂದು ಹೇಳುತ್ತಿದ್ದರೆ, ರಸ್ತೆಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತಿದ್ದರು.

ಹೂವಿನ ಮೇಲೂ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ನರ್ಸರಿಯವನು ಟಿಂಚರ್ ಬಣ್ಣದ್ದೆಂದು ಆಣೆ ಹಾಕಿ ಕೊಟ್ಟ ಸಸಿ ಮೊಗ್ಗು ಬಿಟ್ಟರೆ, ಉಗುರಿನಿಂದ ಮೊಗ್ಗಿನ ತುದಿಯನ್ನು ಚೂರೇ ಬಿಡಿಸಿ ಒಳಗೆ ಇಣುಕುವರು. ಅರಳುವ ತನಕ ಬಣ್ಣವೆಂಬುದು ಅವರಿಗೆ ಬರೀ ಬಾಯಿಮಾತು. ಅರಳಿ, ಹೇಳಿದ ಬಣ್ಣವೇ ಬಂದರೆ, ಅವರ ಮುಖ ಸ್ವಲ್ಪ ಹೊತ್ತು ಬೇರೆಯಾಗಿರುತ್ತಿತ್ತು. ಯಾರೋ ಒಬ್ಬ ನಿಜ ಹೇಳಿದ್ದಾನಲ್ಲ ಎಂಬ ಆಶ್ಚರ್ಯ. ಆಗ ಅವರನ್ನು ಮಾತಾಡಿಸಬಾರದು. ನಾವೂ ಕಿಟಕಿಯಿಂದ ಸುಮ್ಮನೆ ನೋಡುತ್ತಿದ್ದೆವು.

ತಂಗಿ ಬಂದದ್ದು ಅಂಥ ಒಂದು ಬೆಳಿಗ್ಗೆ.

ಅವರಿಗೊಬ್ಬ ತಂಗಿ ಇರುವುದೇ ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ. ನಾನು ಟ್ರೈನಿಗೆ ಹೊರಟಿದ್ದೆ. ಗೇಟಿನ ಮುಂದೆ ಒಂದು ಬಟ್ಟೆ ಬ್ಯಾಗು, ಒಂದು ಚೀಲ ಅವರೆಕಾಯಿ ಹಿಡಿದ ಹಳ್ಳಿಯ ಹೆಂಗಸೊಬ್ಬರು ನಿಂತಿದ್ದರು. ಗಂಟಲು ಸರಿಮಾಡಿಕೊಂಡು, "ಅಕ್ಕ, ಹೂವ ಎಷ್ಟ್ ಚೆಂದಾಗವೆ ಕಣಕ್ಕ" ಎಂದರು.

ಸಿಸ್ಟರಮ್ಮ ಎದ್ದು ಬಂದರು. ಗುರುತು ಸಿಕ್ಕಿದ್ದು ಅವರ ಮುಖದಲ್ಲೇ ಕಂಡಿತು. ಆದರೂ ಕೇಳಿದ್ದು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ. "ಯಾರ್ ಕಳ್ಸಿದ್ದು ನಿನ್ನ?"

ತಂಗಿ ತಲೆ ತಗ್ಗಿಸಿದರು. ಅಷ್ಟು ಸಾಕಾಯಿತು. ಸಿಸ್ಟರಮ್ಮ ಗೇಟು ತೆಗೆದರು, ಆದರೆ ಆ ದಿನವೇ ನಮ್ಮ ಅಡುಗೆಮನೆಗೆ ಬಂದು ಅವಳ ಮಕ್ಕಳು ಸೈಟಿಗಾಗಿ ಕಳಿಸಿದ್ದಾರೆ ಎಂದು ಅಮ್ಮಿಯ ಮುಂದೆ ತೀರ್ಪು ಕೊಟ್ಟರು.

ಇಬ್ಬರೂ ಮಾತು ಬಿಟ್ಟು ಬಹಳ ವರ್ಷವಾಗಿತ್ತಂತೆ. ತವರು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಬುಡದ ಹಳ್ಳಿ. ತಂಗಿಯನ್ನು ಊರೊಳಗೇ ಕೊಟ್ಟಿದ್ದರಿಂದ ಕೊನೆಗಾಲದಲ್ಲಿ ತಾಯಿಯನ್ನು ನೋಡಿಕೊಂಡಿದ್ದು ತಂಗಿಯೇ. ತಾಯಿ ತೀರಿಕೊಂಡಾಗ ಗುಬ್ಬಿಯಲ್ಲಿದ್ದ ಅಕ್ಕನಿಗೆ ಸುದ್ದಿ ತಡವಾಗಿ ಮುಟ್ಟಿತು. ಇವರು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಬೇಕೆಂದೇ ತಿಳಿಸಲಿಲ್ಲ ಎಂದು ಸಿಸ್ಟರಮ್ಮ. ಹೇಳಿ ಕಳಿಸಿದ್ದೆ, ಹೋದವನು ತಲುಪಿಸಲಿಲ್ಲ ಎಂದು ತಂಗಿ. ಅಲ್ಲಿಗೆ ಹೋಗಿಬರುವುದೂ ನಿಂತಿತ್ತು.

ಈಗ ಬಂದ ತಂಗಿಗೆ ಬೆಳೆದ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ತುಮಕೂರಿನಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆ ರೂಮು ಕಟ್ಟಿಸುವ ಯೋಚನೆ ಇದೆಯೆಂದು ಸಿಸ್ಟರಮ್ಮನಿಗೆ ಯಾರಿಂದಲೋ ಗೊತ್ತಿತ್ತು. ಹಾಗಾಗಿ ಅವರು ದಿನವೂ ಕಾದರು. ತಂಗಿ ಸೈಟಿನ ಮಾತೆತ್ತಲಿ, ಆಗುವುದಿಲ್ಲ ಎಂದು ಮುಖಕ್ಕೆ ಹೇಳಿ ಕಳಿಸೋಣ ಎಂದು. ತಂಗಿ ಎತ್ತಲೇ ಇಲ್ಲ. ಬೆಳಿಗ್ಗೆ ಎದ್ದು ಸೇವಂತಿಗೆಗೆ ಕಡ್ಡಿ ಊರಿ ಕಟ್ಟುವರು, ಕಳೆ ಕೀಳುವರು, ಆಮೇಲೆ ತೋಟದ ಮಣ್ಣಿನ ಮೇಲೇ ಕಾಲು ಚಾಚಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೂವು ನೋಡುವರು. ಅಷ್ಟು ಹೊತ್ತು ಸುಮ್ಮನೆ ಕೂತ ಹಳ್ಳಿಯ ಹೆಂಗಸನ್ನು ನಾನು ನೋಡಿರಲಿಲ್ಲ. ಅವರೂ ತಮ್ಮ ಜೀವನದಲ್ಲಿ ಹಾಗೆ ಕೂತಿರಲಿಲ್ಲವೇನೋ.

"ಕೇಳ್ತಾನೇ ಇಲ್ಲ" ಎಂದು ಸಿಸ್ಟರಮ್ಮ ಅಮ್ಮಿಯ ಹತ್ತಿರ ಪಿಸುಗುಟ್ಟಿದರು. "ಅದೇ ನಂಗೆ ಅನುಮಾನ."

ಒಂದು ದಿನ ತಂಗಿ ಟಿಂಚರ್ ಬಣ್ಣದ ಸೇವಂತಿಗೆಯೊಂದನ್ನು ಚಿವುಟಿ ಮುಡಿದುಕೊಂಡರು. ಆ ತೋಟದಲ್ಲಿ ಹೂವು ಕಿತ್ತದ್ದು ಅದೇ ಮೊದಲು. ಸಿಸ್ಟರಮ್ಮ ಅವರಿಗೆ ಏನೂ ಅನ್ನಲಿಲ್ಲ. ನಮ್ಮಲ್ಲಿಗೆ ಬಂದು, ಕೇಳದೆ ಮುಡಿದಳು, ತನ್ನದೇ ಜಾಗ ಅನ್ನುವ ಹಾಗೆ ಮುಡಿದಳು, ನಾಳೆ ಇದನ್ನೇ ಹಕ್ಕು ಅಂದರೆ ಏನು ಮಾಡುವುದು ಎಂದು ಕೇಳಿದರು. ಹೂವು ಮುಡಿದರೆ ಹಕ್ಕು ಬರುವುದಿಲ್ಲ ಎಂದು ನಾನು ಹೇಳಿದ್ದು ಅವರಿಗೆ ಸಮಾಧಾನವಾಗಲಿಲ್ಲ.

ತಂಗಿಯ ಹತ್ತಿರ ಬಟನ್ನಿನ ಫೋನೊಂದಿತ್ತು. ಅದು ಹೊಡೆದುಕೊಂಡಾಗಲೆಲ್ಲ ಅವರು ತೋಟದ ಮೂಲೆಗೆ, ಸ್ಫಟಿಕದ ಪೊದೆಗಳ ಹಿಂದೆ ಹೋಗಿ ದನಿ ತಗ್ಗಿಸಿ ಮಾತಾಡುವರು. ಒಂದು ಬೆಳಿಗ್ಗೆ ಸಿಸ್ಟರಮ್ಮ ನೀರಿನ ಪೈಪು ಹಿಡಿದುಕೊಂಡೇ ಪೊದೆಯ ಈಚೆ ನಿಂತು ಕೇಳಿಸಿಕೊಂಡರು. "ಸೈಟು," "ಕೇಸು," "ಕೋರ್ಟು" ಎಂಬ ಮಾತುಗಳು ಸ್ಪಷ್ಟವಾಗಿ ಕೇಳಿದವು. ಮಿಕ್ಕದ್ದು ಕೇಳಿಸಲಿಲ್ಲ. ಕೇಳಿಸಬೇಕಾದ ಅಗತ್ಯವೂ ಅವರಿಗೆ ಕಾಣಲಿಲ್ಲ. ತಾಯಿಮಕ್ಕಳು ಸೇರಿ ಕೇಸು ಹಾಕುತ್ತಿದ್ದಾರೆ. ಒಳಗೆ ಹೋಗಿ ತಂಗಿಯ ಬ್ಯಾಗು ತಂದು ಗೇಟಿನ ಹೊರಗೆ ಇಟ್ಟರು.

ಗಲಾಟೆ ಕೇಳಿ ನಾನೂ ಅಮ್ಮಿಯೂ ಹೊರಗೆ ಬಂದೆವು. ಗಲಾಟೆ ಎಂದರೆ ಒಬ್ಬರದೇ. ಅವ್ವ ಸತ್ತಾಗ ಹೇಳಲಿಲ್ಲ, ಈಗ ಬದುಕಿರುವವಳ ಜಾಗಕ್ಕೆ ಕೋರ್ಟಿಗೆ ಹೋಗುತ್ತೀ ಎಂದು ಸಿಸ್ಟರಮ್ಮ ಕೂಗುತ್ತಿದ್ದರು. ತಂಗಿ ಬಾಯಿ ತೆರೆದರು, ಏನೋ ಹೇಳಹೊರಟರು, ರಸ್ತೆಯಲ್ಲಿ ನಿಂತಿದ್ದ ನಮ್ಮನ್ನೆಲ್ಲ ನೋಡಿ ಸುಮ್ಮನಾದರು. "ಆಯ್ತಕ್ಕ" ಎಂದಷ್ಟೇ ಹೇಳಿ ಬ್ಯಾಗು ಎತ್ತಿಕೊಂಡರು. ಬಸ್‌ಸ್ಟಾಪಿನವರೆಗೂ ನಾನು ಜೊತೆಗೆ ಹೋದೆ. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. ಸೇವಂತಿಗೆಗೆ ನೀರು ಜಾಸ್ತಿಯಾಗುತ್ತಿದೆ, ಬೇರು ಕೊಳೆಯುತ್ತದೆ, ಅಕ್ಕನಿಗೆ ನೀನೇ ಹೇಳಿದ ಹಾಗೆ ಹೇಳವ್ವ ಎಂದರು.

ಸೇವಂತಿಗೆ ಇನ್ನೂ ಮುಗಿದಿರಲಿಲ್ಲ, ತಂಗಿಯ ದೊಡ್ಡ ಮಗ ಬೈಕಿನಲ್ಲಿ ಬಂದ. ಭಾನುವಾರ. ಅಬ್ಬಾ ನಮ್ಮ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದರು, ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಹುಡುಗ ಒರಟನಲ್ಲ. ಚಪ್ಪಲಿ ಗೇಟಿನಲ್ಲೇ ಬಿಟ್ಟು, ಕಾಲಿಗೆ ನಮಸ್ಕಾರ ಮಾಡಿ, ತೋಟವನ್ನೆಲ್ಲ ಒಮ್ಮೆ ನೋಡಿ ಕೇಳಿದ:

"ದೊಡ್ಡವ್ವ, ಕೇಸು ಎಲ್ಲಿಗ್ ಬಂತು?"

ಸಿಸ್ಟರಮ್ಮ ಯಾವ ಕೇಸು ಎಂದು ಕೇಳಲಿಲ್ಲ. ರೋಗಿ ತಾನಾಗಿಯೇ ಹೇಳಲಿ ಎಂದು ಸುಮ್ಮನಿರುವ ಹಳೆಯ ಅಭ್ಯಾಸ. ಅವನು ಮುಂದುವರಿಸಿದ. "ಅವ್ವ ಯೋಳ್ತು. ಈ ಸೈಟ್ ಮ್ಯಾಲೆ ಯಾರೋ ಕೇಸ್ ಹಾಕವ್ರೆ, ಕೋರ್ಟಲ್ಲದೆ, ಕೊಳ್ಳಂಗಿಲ್ಲ ಕಟ್ಟಂಗಿಲ್ಲ, ಅದ್ರ ತಂಟೆಗ್ ಹೋಗ್ಬ್ಯಾಡಿ ಅಂತ. ಮುಗೀತೇನೋ, ಕೇಳನ ಅಂತ ಬಂದೆ."

ಸಿಸ್ಟರಮ್ಮ ಬಗ್ಗಿ, ವಾಲಿದ್ದ ಒಂದು ಗಿಡವನ್ನು ನೆಟ್ಟಗೆ ಮಾಡಿದರು. ಅವರ ಬೆರಳು ದಾರದ ಗಂಟಿನ ಮೇಲೆ ಬಹಳ ಹೊತ್ತು ನಿಂತಿತ್ತು. ತಂಗಿ ಕಟ್ಟಿದ್ದ ಗಂಟು ಅದು. ಬದುಕಿಡೀ ಬೇರೆಯವರ ಸುಳ್ಳು ಹಿಡಿದ ಆ ಹೆಂಗಸು ತಲೆ ಎತ್ತಿದಾಗ, ನನಗೆ ತಿಳಿದ ಹಾಗೆ ಮೊದಲ ಸಲ, ತಾವೇ ಒಂದು ಸುಳ್ಳು ಹೇಳಿದರು.

"ಎಲ್ಲಿ ಮುಗಿಯತ್ತೆ. ಹೋದ್ ವಾರ ಡೇಟಿತ್ತು. ಮುಂದಕ್ ಹಾಕಿದ್ರು."

"ಯಾರ್ ದೊಡ್ಡವ್ವ ಹಾಕಿರೋದು?"

ಇದನ್ನು ಅವರು ಯೋಚಿಸಿರಲಿಲ್ಲ. ಕಣ್ಣು ಅತ್ತಿತ್ತ ಹೊರಳಿ, ಗೋಡೆಯಾಚೆ ಮೆಟ್ಟಿಲ ಮೇಲಿದ್ದ ಅಬ್ಬಾನ ಹತ್ತಿರ ಬಂದು ನಿಂತಿತು. "ಅವ್ರೇ. ಪಕ್ಕದ್ಮನೆ ಸಾಬ್ರು."

ಅಬ್ಬಾ ಪೇಪರ್ ಕೆಳಗಿಳಿಸಿದರು. ಹುಡುಗ ಅಬ್ಬಾನನ್ನು, ಅವರ ಟೋಪಿಯನ್ನು, ನಮ್ಮ ಬಾಗಿಲ ಮೇಲಿನ ಅರಬ್ಬಿ ಬರಹವನ್ನು ಒಮ್ಮೆ ನೋಡಿದ. ನಂಬುವುದಕ್ಕೆ ಅವನಿಗೆ ಕಷ್ಟವೇನೂ ಆಗಲಿಲ್ಲ. ಹುಷಾರಾಗಿರು ದೊಡ್ಡವ್ವ ಎಂದು ಹೇಳಿ ಬೈಕು ಹತ್ತಿದ.

ಅವನು ತಿರುವು ದಾಟಿದ ಮೇಲೆ ಅಬ್ಬಾ ಗೋಡೆಯ ಹತ್ತಿರ ಹೋದರು. "ಏನ್ ಸಿಸ್ಟರ್ ಇದು? ಕೇಸ್ ಹಾಕೋಕೆ ನಾನೇ ಸಿಕ್ಕಿದ್ನಾ?"

ಸಿಸ್ಟರಮ್ಮ ಎಲ್ಲವನ್ನೂ ಹೇಳಿದರು. ತಂಗಿ ಪೊದೆಯ ಹಿಂದೆ ನಿಂತು ಮಕ್ಕಳಿಗೆ ಹೇಳಿದ್ದು ಏನೆಂದು ಈಗ ಅರ್ಥವಾಯಿತು ಎಂದರು. ಸೈಟು ಕೇಳಲು ಬಂದವಳು ಹೂವು ನೋಡಿ ಕೇಳಲಾರದೆ, ಮಕ್ಕಳೂ ಕೇಳದ ಹಾಗೆ ಮಾಡಲು ಇಲ್ಲದ ಕೇಸು ಹುಟ್ಟಿಸಿದ್ದಳು. ಆಮೇಲೆ, ಅಬ್ಬಾನ ಪ್ರಶ್ನೆಗೂ ಉತ್ತರ ಹೇಳಿದರು. ಅವರಿಗೆ ಮರೆಮಾಚಿ ಮಾತಾಡಲು ಬರುತ್ತಿರಲಿಲ್ಲ.

"ಬೇರೆ ಯಾರ್ ಹೆಸ್ರು ಹೇಳಿದ್ರೂ ಅವ್ನು ಹೋಗಿ ನಿಜಾನಾ ಅಂತ ಕೇಳ್ತಿದ್ದ ಸಾಬ್ರೆ. ನಿಮ್ಮನ್ನ ಕೇಳಲ್ಲ. ಹಂಗೇ ನಂಬ್ತಾನೆ."

ಅಬ್ಬಾ ಪೇಪರನ್ನು ಮಡಿಚಿದರು, ಇನ್ನೊಂದು ಸಲ ಮಡಿಚಿದರು, ಒಳಗೆ ಹೋದರು. ಅಂದು ಭಾನುವಾರವಾದರೂ ಮನೆಯ ಮಿಷನ್ನಿನ ಮುಂದೆ ಕೂತು ಮಧ್ಯಾಹ್ನದವರೆಗೂ ಹೊಲಿದರು.

ಹುಡುಗ ಹೋಗುವಾಗ ರಸ್ತೆ ಕೊನೆಯ ಟೀ ಅಂಗಡಿಯಲ್ಲಿ ಹೇಳಿಹೋಗಿದ್ದ. ಸುದ್ದಿ ಪೇಟೆಯವರೆಗೂ ಹೋಯಿತು. ಒಂಟಿ ಹೆಂಗಸಿನ ಮೇಲೆ ಯಾಕೆ ಕೇಸು ಹಾಕಿದೆ ಎಂದು ಮಸೀದಿಯಲ್ಲಿ ಹಿರಿಯರೊಬ್ಬರು ಅಬ್ಬಾನನ್ನು ಕೇಳಿದರಂತೆ. ಬಹಳ ವರ್ಷಗಳಿಂದ ಬರುತ್ತಿದ್ದ ಗಿರಾಕಿಯೊಬ್ಬರು, ಹೊಲಿಯಲು ಕೊಟ್ಟಿದ್ದ ಬ್ಲೌಸ್ ಪೀಸನ್ನು ಕತ್ತರಿಸುವ ಮುಂಚೆಯೇ ವಾಪಸ್ಸು ಕೇಳಿ ತೆಗೆದುಕೊಂಡು ಹೋದರು. ಅಮ್ಮಿ ರೇಗಿದಳು. ಬೀದಿಯಲ್ಲಿ ನಿಂತು ನಿಜ ಹೇಳಿಬಿಡುತ್ತೇನೆ ಎಂದಳು. ನಿಜ ಹೇಳಿದರೆ ಆ ಹುಡುಗರು ನಾಳೆಯೇ ಬರುತ್ತಾರೆ, ಸುಮ್ಮನಿರು ಎಂದು ಅಬ್ಬಾನೇ ತಡೆದರು. ಆದರೆ ಸಿಸ್ಟರಮ್ಮನ ಜೊತೆ ಮಾತಾಡಲಿಲ್ಲ. ತೋಟದ ಕಡೆ ನೋಡಲೂ ಇಲ್ಲ.

ಸಿಸ್ಟರಮ್ಮನಿಗೆ ಇದು ತಿಳಿದದ್ದು ಅಮ್ಮಿಯಿಂದ. ಮಾರನೆಯ ದಿನ ಅವರು ಬ್ಲೌಸ್ ಪೀಸುಗಳ ಒಂದು ಕಟ್ಟು ಹಿಡಿದು ಅಬ್ಬಾನ ಅಂಗಡಿಗೆ ಹೋದರು. ಒಳಗೆ ಬನ್ನಿ ಎಂದರೂ ಹೋಗದೆ, ಹೊರಗಿನ ಬೆಂಚಿನ ಮೇಲೆ ಪೇಟೆಗೆಲ್ಲ ಕಾಣುವ ಹಾಗೆ ಕೂತರು. ಹೋಗಿಬರುವ ಗುರುತಿನವರನ್ನೆಲ್ಲ ತಾವಾಗಿ ಮಾತಾಡಿಸಿದರು. ಕೇಸು ಹಾಕಿದವನ ಹತ್ತಿರವೇ ಬಟ್ಟೆ ಹೊಲಿಸುತ್ತಾರಲ್ಲ ಎಂದು ಜನಕ್ಕೆ ತಲೆಬುಡ ಅರ್ಥವಾಗಲಿಲ್ಲ. ಜನ ಕಡಿಮೆಯಾದಾಗ ಅವರು, "ತಪ್ಪಾಯ್ತು ಸಾಬ್ರೆ" ಎಂದರಂತೆ.

ಅಬ್ಬಾ ಟೇಪನ್ನು ಕುತ್ತಿಗೆಗೆ ಹಾಕಿಕೊಂಡರಂತೆ. "ಈ ಕೇಸಲ್ಲಿ ನಾನು ಗೆಲ್ತೀನಾ ಸೋಲ್ತೀನಾ, ಅದನ್ನಾದ್ರೂ ಹೇಳಿ ಸಿಸ್ಟರ್."

"ನಾವಿಬ್ರೂ ಇರೋ ತನಕ ನಡೀಲಿ ಬಿಡಿ."

ಇದನ್ನು ಅಬ್ಬಾ ಮನೆಗೆ ಬಂದು ನಗುತ್ತಲೇ ಹೇಳಿದರು. ಆದರೆ ಹೋದ ಗಿರಾಕಿ ಮಾತ್ರ ಮತ್ತೆ ಬರಲಿಲ್ಲ.

ಆ ಮೇಲಿನ ಭಾನುವಾರ ಸಿಸ್ಟರಮ್ಮ ನನ್ನನ್ನು ಜೊತೆ ಮಾಡಿಕೊಂಡು ಊರಿಗೆ ಹೊರಟರು. ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿದೆವು. ಯಾರಾದರೂ ಕೇಳಿದರೆ ನೀನು ಲಾಯರ್ ಆಫೀಸಿನವಳು ಎಂದು ದಾರಿಯಲ್ಲಿ ಹೇಳಿಕೊಟ್ಟರು. ಒಂದು ಸುಳ್ಳು ಹೇಳಿದ ಮೇಲೆ ಅವರಿಗೆ ರುಚಿ ಹತ್ತಿದಂತಿತ್ತು. ಬೆಟ್ಟದ ಬುಡದ ಆ ಮನೆಯ ಅಂಗಳದಲ್ಲಿ ತಂಗಿ ಹುರುಳಿ ಬಡಿಯುತ್ತಿದ್ದರು. ಅಕ್ಕನನ್ನು ಕಂಡು ಕೋಲು ಕೆಳಗಿಟ್ಟರು, ಆದರೆ ಎದ್ದು ಬರಲಿಲ್ಲ. ಯಾಕೆ ಬಂದಳೋ ಎಂಬ ಅನುಮಾನ ಈಗ ಅವರ ಮುಖದಲ್ಲಿತ್ತು. ಇಬ್ಬರು ಮಕ್ಕಳೂ ಜಗಲಿಯ ಮೇಲಿದ್ದರು. ಏನನ್ನೂ ಬಿಚ್ಚಿ ಹೇಳುವಂತಿರಲಿಲ್ಲ.

"ಕೇಸಿಗೆ ಸಾಕ್ಷಿ ಬೇಕಂತೆ" ಎಂದರು ಸಿಸ್ಟರಮ್ಮ. "ಒಡಹುಟ್ಟಿದೋರೇ ಆಗ್ಬೇಕಂತೆ. ನೀನು ಬರ್ಬೇಕು."

ತಂಗಿ ಅಕ್ಕನ ಮುಖವನ್ನೇ ನೋಡಿದರು. ನಿಧಾನವಾಗಿ ಅರ್ಥವಾಯಿತು. ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡರು. "ಎಷ್ಟ್ ದಿನ ಆಯ್ತದೆ?"

"ಕೋರ್ಟ್ ವಿಷ್ಯ. ಹೇಳಕ್ಕಾಗಲ್ಲ."

ದೊಡ್ಡ ಮಗನೇ ಮುಂದೆ ನಿಂತು ಅವ್ವನನ್ನು ಹೊರಡಿಸಿದ. ಕೇಸು ಬೇಗ ಮುಗಿಯಲಿ ಎಂಬ ಆಸೆ ಅವನದು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿದ್ದೆವು, ನಾನು ಕಿಟಕಿಗೆ. ಕುಣಿಗಲ್ ದಾಟಿದ ಮೇಲೆ ತಂಗಿ ತಾವಾಗಿಯೇ ತಾಯಿಯ ಮಾತೆತ್ತಿದರು. ಹೇಳಿ ಕಳಿಸಿದ್ದೆ ಎಂದದ್ದು ಸುಳ್ಳು, ಯಾರನ್ನೂ ಕಳಿಸಿರಲಿಲ್ಲ ಎಂದರು. "ಅವ್ವನೇ ಬ್ಯಾಡ ಅಂತು ಕಣಕ್ಕ. ಅವ್ಳು ಬಂದ್ರೆ ಆಸ್ಪತ್ರೆಗ್ ಹಾಕ್ತಳೆ, ಸೂಜಿ ಚುಚ್ತಳೆ, ನಾನು ಈ ಮನೇಲೇ ಹೋಗ್ಬೇಕು ಅಂತು. ಇನ್ನ ಎರ್ಡು ದಿನ ಇರ್ತದೆ, ಆಮ್ಯಾಕ್ ಯೋಳನ ಅಂತಿದ್ದೆ. ಇರ್ನಿಲ್ಲ."

ಅಷ್ಟು ವರ್ಷ ಬೇಕೆಂದೇ ತಿಳಿಸಲಿಲ್ಲ ಎಂದು ನಂಬಿದ್ದು ನಿಜವೇ ಆಗಿತ್ತು. ಸಿಸ್ಟರಮ್ಮನ ಅನುಮಾನ ತಪ್ಪಾಗಿರಲಿಲ್ಲ, ಆದರೆ ಅದರ ಹಿಂದೆ ಹೀಗೊಂದು ಕಾರಣ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಅವರು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು. ಬಸ್ಸು ತುಮಕೂರಿನ ಹತ್ತಿರ ಬಂದಾಗ, "ಆಸ್ಪತ್ರೆಗ್ ಹಾಕೇ ಹಾಕ್ತಿದ್ದೆ" ಎಂದರು. ಇಳಿಯುವಾಗ ತಂಗಿಯ ಬ್ಯಾಗನ್ನು ಅವರೇ ಎತ್ತಿಕೊಂಡರು.

ಅಲ್ಲಿಂದ ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಕೇಸಿನ ಡೇಟು ಬರುತ್ತಿತ್ತು, ತಂಗಿ ಸಾಕ್ಷಿ ಹೇಳಲು ತುಮಕೂರಿಗೆ ಬರುತ್ತಿದ್ದರು. ಸೇವಂತಿಗೆ ಒಣಗಿದ ಮೇಲೆ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು. ತೋಟಕ್ಕೆ ಇನ್ನೊಂದು ಕುರ್ಚಿ ಬಂತು. ಅನುಮಾನ ಹೋಯಿತು ಎಂದು ಹೇಳಲಾರೆ. ಕಳೆ ಕೀಳುವ ನೆಪದಲ್ಲಿ ನನ್ನ ಟಿಂಚರ್ ಸಸಿ ಕಿತ್ತಳು ಎಂದು ಅಕ್ಕ, ನಾನು ಕಟ್ಟಿದ ಕಡ್ಡಿ ಬಿಚ್ಚಿ ಬೇರೆ ಕಟ್ಟುತ್ತಾಳೆ ಎಂದು ತಂಗಿ, ಇಬ್ಬರೂ ಬೇರೆ ಬೇರೆಯಾಗಿ ಅಮ್ಮಿಗೆ ದೂರು ಕೊಡುತ್ತಿದ್ದರು.

ಕೇಸಿನ ಸುದ್ದಿ ಹಬ್ಬಿದ್ದರಿಂದ ಇನ್ನೊಂದೂ ಆಯಿತು. ಬ್ರೋಕರುಗಳು ಆ ರಸ್ತೆಗೆ ಬರುವುದು ನಿಂತಿತು. ಕೇಸಿರುವ ಸೈಟಿನ ಹೂವನ್ನು ಹೊಗಳುವವರಿಗೆ ಬೇರೆ ಉದ್ದೇಶ ಇರಲು ಸಾಧ್ಯವಿಲ್ಲ ಎಂದು ಸಿಸ್ಟರಮ್ಮನಿಗೆ ಮನವರಿಕೆಯಾಗಲು ಒಂದು ವರ್ಷ ಹಿಡಿಯಿತು. ಆಮೇಲೆ ಯಾರಾದರೂ ಗೇಟಿನಲ್ಲಿ ನಿಂತು ಎಷ್ಟು ಚೆನ್ನಾಗಿದೆ ಎಂದರೆ, ಅವರು ಕುರ್ಚಿಯಿಂದ ಏಳದೆ, ಯಾವುದು ಎಂದು ಕೇಳುವರು. ಜನ ಕೈ ತೋರಿಸುವರು. ಅದಾ, ಅದು ಟಿಂಚರ್ ಎಂದು ಹೇಳಿ ಮಫ್ಲರಿನೊಳಗೆ ನಾಚಿಕೊಳ್ಳುವರು. ಆ ವಯಸ್ಸಿನಲ್ಲಿ ಅವರು ನಾಚಿದ್ದನ್ನು ನಾನು ಕಂಡಿದ್ದೇನೆ.

ಕೊನೆಯ ಕಾಯಿಲೆಯಲ್ಲಿ ಅವರು ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಡಾಕ್ಟರರ ಮೇಲೆ ಅನುಮಾನ. ತಂಗಿ ಸಂಕ್ರಾಂತಿಯಾದರೂ ಊರಿಗೆ ಹೋಗದೆ ಉಳಿದರು. ಅಕ್ಕನ ಹಾಸಿಗೆಯನ್ನು ತೋಟದ ಕಡೆಯ ಕಿಟಕಿಗೆ ಎಳೆದು ಹಾಕಿದ್ದರು. ಅಷ್ಟು ಹೊತ್ತಿಗೆ ಹೂವೆಲ್ಲ ಮುಗಿದು ಒಣಕಡ್ಡಿ ನಿಂತಿದ್ದವು. ಒಂದು ಮಧ್ಯಾಹ್ನ ಸಿಸ್ಟರಮ್ಮ ಅಲ್ಲೇ ತೀರಿಕೊಂಡರು. ಮಣ್ಣಿಗೆ ಅಬ್ಬಾನೂ ಹೋದರು. ಕೇಸು ಹಾಕಿದವನು ಮಣ್ಣಿಗೆ ಬಂದಿದ್ದಾನಲ್ಲ ಎಂದು ಜನ ತಿರುಗಿ ತಿರುಗಿ ನೋಡಿದರು.

ಬೇರೆ ಯಾರೂ ಇಲ್ಲದ್ದರಿಂದ ಮನೆ, ಸೈಟು ಎರಡೂ ತಂಗಿಗೇ ಬಂದವು. ಅವರು ಊರಿಗೆ ವಾಪಸ್ಸು ಹೋಗಲಿಲ್ಲ. ಕೇಸು ಮುಗಿಯುವವರೆಗೂ ಇಲ್ಲಿ ಒಬ್ಬರು ಇರಬೇಕಂತೆ ಎಂದು ಮಕ್ಕಳಿಗೆ ಹೇಳಿದರು. ಹೋದ ವಾರ ಆ ಮಕ್ಕಳಲ್ಲಿ ದೊಡ್ಡವನು ಬಂದ. ಅವನ ತಲೆಯಲ್ಲೂ ಈಗ ಬಿಳಿ ಕೂದಲು. ಈ ಸಲ ಅವನು ತಾಯಿಯ ಹತ್ತಿರ ಹೋಗದೆ ನೇರ ನಮ್ಮ ಗೇಟಿಗೇ ಬಂದ. ಅಬ್ಬಾ ಈಗ ಅಂಗಡಿ ಬಿಟ್ಟಿದ್ದಾರೆ. ಕೈ ನಡುಗುತ್ತದೆ, ಸೂಜಿಗೆ ದಾರ ಹೋಗುವುದಿಲ್ಲ. ಬಂದವನು ನಿಂತೇ ಮಾತಾಡಿದ. ದೊಡ್ಡವ್ವ ಹೋದಮೇಲೆ ಇನ್ನು ಜಗಳ ಯಾಕೆ, ಇಬ್ಬರಿಗೂ ನಷ್ಟವಾಗದ ಹಾಗೆ ರಾಜಿ ಮಾಡಿಕೊಳ್ಳೋಣ, ಕೇಸು ವಾಪಸ್ಸು ತೆಗೆದುಕೊಳ್ಳಿ ಎಂದ. ಮರ್ಯಾದೆಯಾಗಿಯೇ ಹೇಳಿದ.

ಗೋಡೆಯಾಚೆ ತಂಗಿ ಪೈಪು ಹಿಡಿದು ನಿಂತಿದ್ದರು. ನೀರು ಬೀಳುವ ಸದ್ದು ನಿಂತಿತು. ಅಬ್ಬಾ ನಿಜ ಹೇಳಬಹುದಿತ್ತು. ಇಬ್ಬರೂ ಇರುವ ತನಕ ಎಂದು ಸಿಸ್ಟರಮ್ಮನ ಜೊತೆಗೆ ಆಡಿದ ಮಾತೂ ಮುಗಿದಿತ್ತು. ಇಷ್ಟು ವರ್ಷ ಹೊತ್ತ ಹೆಸರನ್ನು ಕೊನೆಗಾಲದಲ್ಲಿ ಇಳಿಸಿಕೊಂಡರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಾನು ಅವರ ಪಕ್ಕದಲ್ಲೇ ಇದ್ದೆ.

"ರಾಜಿ ಇಲ್ಲ" ಎಂದರು ಅಬ್ಬಾ. "ಕೇಸು ನಡೀಲಿ."

ಅವನ ಕಣ್ಣಲ್ಲಿ ಆಗ ಬಂದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಬ್ಬಾ ಅದನ್ನು ನೇರವಾಗಿ ನೋಡುತ್ತ ನಿಂತಿದ್ದರು. ಅವನು ತಿರುಗಿ ಗೋಡೆಯ ಕಡೆ ಹೋಗಿ, ಕೇಳಿದೆಯಾ ಅವ್ವ ಎಂದ.

"ಆವಯ್ಯ ಬಲ್ ಹಟಮಾರಿ ಕಣ್ಲಾ" ಎಂದರು ತಂಗಿ. "ಬುಡು."

ಎಂದು, ಕೈಯಲ್ಲಿದ್ದ ಪೈಪನ್ನು ಸೇವಂತಿಗೆಯ ಬುಡಕ್ಕೆ ತಿರುಗಿಸಿದರು.